ಭೇದಿಯಾದರೆ ಔಷಧಿ ನಿಲ್ಲಿಸಿ

ಹೊಟ್ಟೆ ಮತ್ತು ಲಿವರ್ ವಾರ್ಡಿನ ಹಿರಿಯ ನರ್ಸಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ಬೆಂಕಿಪೊಟ್ಟಣ. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ವಾರ್ಡು, ಅದೇ ಹದಿನೆಂಟು ಹಾಸಿಗೆ. ಬೇರೆ ವಾರ್ಡಿನವರು ಹೃದಯ, ಮೆದುಳು ಎಂದು ಎದೆಯುಬ್ಬಿಸಿಕೊಂಡು ಓಡಾಡುವಾಗ ಇವಳು ಮಲದ ಬಣ್ಣ ನೋಡುತ್ತ ಆಯುಸ್ಸು ಕಳೆದವಳು. ಜೇಡಿಮಣ್ಣಿನ ಬಣ್ಣವಿದ್ದರೆ ಪಿತ್ತದ ದಾರಿ ಕಟ್ಟಿರಬೇಕು. ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿರಬೇಕು. ಮೂಗು ಮುಚ್ಚಿಕೊಂಡು ಬೆಡ್‌ಪ್ಯಾನ್ ಚೆಲ್ಲಿ ಬಂದ ಹೊಸ ನರ್ಸಿಗೆ ಅವತ್ತು ಗ್ರಹಚಾರ ಕೆಟ್ಟಿತೆಂದೇ ಅರ್ಥ.

"ನೋಡ್ದೇನೇ ಚೆಲ್ಲಿದ್ಯಾ? ರೋಗಿ ನಾಚ್ಕೊಂಡು ಹೇಳ್ದೇ ಇದ್ದದ್ದನ್ನೆಲ್ಲ ಅದು ಹೇಳತ್ತೆ ಕಣೇ!"

ಮನೆಯಲ್ಲೂ ಊಟದ ಹೊತ್ತಿಗೆ ಇದೇ ಪುರಾಣ ಬಿಚ್ಚುತ್ತಿದ್ದಳು. ಗಂಡನೂ ಮಗಳೂ ತಟ್ಟೆ ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದರು.

ಅವಳ ಸಿಟ್ಟಿಗೆ ಕಾರಣಗಳೇನು ಕಮ್ಮಿ ಇರಲಿಲ್ಲ. ಲಿವರ್ ಕೆಟ್ಟಿದೆ ಎಂದರೆ ಸಾಕು, ಕುಡುಕ ಎಂದು ಹಣೆಪಟ್ಟಿ ಹಚ್ಚುವ ಜನ. ಹನ್ನೊಂದನೇ ಹಾಸಿಗೆಯ ದರ್ಜಿ ಒಂದು ಗುಟುಕು ಹೆಂಡ ಮುಟ್ಟಿದವನಲ್ಲ. ಎಂದೋ ಬಂದ ಕಾಮಾಲೆಯ ವೈರಸ್ಸು ರಕ್ತದಲ್ಲೇ ಬೀಡುಬಿಟ್ಟು ಲಿವರನ್ನು ಒಳಗೊಳಗೇ ಗಡುಸು ಮಾಡಿತ್ತು. ಮೂರು ವಾರ ವಾರ್ಡಿನಲ್ಲಿದ್ದು, ನಡೆದುಕೊಂಡೇ ಮನೆಗೆ ಹೋದ. ಒಂಬತ್ತನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ತಳ್ಳುಮಂಚದಲ್ಲಿ ವಾಪಸು ಬಂದ. ನಾಲಿಗೆ ತೊದಲುತ್ತಿತ್ತು. ಹೆಂಡತಿಯನ್ನೇ ಗಿರಾಕಿ ಎಂದುಕೊಂಡು ಅಳತೆ ಕೇಳುತ್ತಿದ್ದ. ಗೇಟಿನ ಕಾವಲುಗಾರ ಆಗಲೇ ತೀರ್ಪು ಕೊಟ್ಟಾಗಿತ್ತು, ಬೆಳಗ್ಗೆಬೆಳಗ್ಗೇನೇ ಏರಿಸಿಕೊಂಡು ಬಂದಿದ್ದಾನೆ ಎಂದು.

ಹೊದಿಕೆ ಕಿತ್ತೆಸೆಯುತ್ತಿದ್ದ ದರ್ಜಿಯನ್ನು ನೋಡಿ ಹೊಸ ಡಾಕ್ಟರು, "ನಿದ್ದೆಗೊಂದು ಇಂಜೆಕ್ಷನ್ ಕೊಟ್ಬಿಡೋಣ" ಎಂದರು.

"ಕೊಟ್ರೆ ಆಮೇಲೆ ಇವ್ರನ್ನ ಎಬ್ಬಿಸೋರು ಯಾರು ಸಾರ್? ನೀವಾ?" ಎಂದು ನರ್ಸು ದರ್ಜಿಯ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಅಂಗೈಗಳನ್ನು ಮೇಲಕ್ಕೆ ಬಾಗಿಸಿದಳು. ಮಣಿಕಟ್ಟುಗಳು ನಿಲ್ಲಲಿಲ್ಲ, ಮತ್ತೆ ಮತ್ತೆ ಸೋತು ಕೆಳಗೆ ಬಿದ್ದು ಪಟಪಟನೆ ಬಡಿದುಕೊಂಡವು. ಉಸಿರಿನಲ್ಲಿ ಹಳಸಿದ ಸಿಹಿವಾಸನೆಯಿತ್ತು. ಲಿವರ್ ಸೋಸದೆ ಬಿಟ್ಟ ವಿಷ ಮೆದುಳಿಗೆ ಏರಿತ್ತು. ಡಾಕ್ಟರು ಇಂಜೆಕ್ಷನ್ ಮಾತು ಬಿಟ್ಟರು.

"ಸಿಹಿ ಸಿರಪ್ಪು ಕೊಟ್ಟಿದ್ನಲ್ಲ, ಹಾಕ್ತಿದ್ರಾ?" ಎಂದು ಅವಳು ದರ್ಜಿಯ ಹೆಂಡತಿಯನ್ನು ಕೇಳಿದಳು.

"ಇಲ್ಲ ಸಿಸ್ಟರ್, ನಿಲ್ಲಿಸ್ಬಿಟ್ಟೆ. ದಿನಕ್ಕೆ ಮೂರು ಸಲ ತೆಳ್ಳಗೆ ಹೋಗ್ತಾ ಇತ್ತು..."

ಹೋಗಲೆಂದೇ ಕೊಡುವ ಔಷಧಿ ಅದು! ಕೆಟ್ಟ ಲಿವರ್ ಸೋಸಲಾರದ ವಿಷವನ್ನು ಕರುಳಾದರೂ ಹೊರಗೆ ಹಾಕಲಿ ಎಂದು ಕೊಡುವುದು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋದರೆ ಮಾತ್ರ ತಲೆ ತಿಳಿಯಾಗಿರುತ್ತದೆ. ನರ್ಸಿನ ನೆತ್ತಿಗೆ ಪಿತ್ತ ಏರಿತು.

"ಬುದ್ಧಿ ಎಲ್ಲಿಟ್ಟಿದ್ರಿ? ಮೂರು ವಾರ ಹೆಣಗಾಡಿ ಎಬ್ಬಿಸಿ ಕಳ್ಸಿದ್ದೆ, ಒಂಬತ್ತು ದಿನದಲ್ಲಿ ಕೈಯಾರೆ ಕೊಲ್ಲೋಕೆ ಹೊರಟಿದ್ರಲ್ಲ!"

ಇಡೀ ವಾರ್ಡು ಕಿವಿ ನಿಮಿರಿಸಿತು. ಜೊತೆಗೆ ಬಂದಿದ್ದ ದರ್ಜಿಯ ತಾಯಿಗೆ ಬೇಕಾಗಿದ್ದೂ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅವರು ಹಾಸಿಗೆಯಿಂದ ಹಾಸಿಗೆಗೆ ಹೋಗಿ, "ನರ್ಸಮ್ಮನೇ ಹೇಳಿದ್ರಲ್ಲ, ನನ್ನ ಮಗನ್ನ ಕೊಲ್ಲೋಕೆ ಹೊರಟಿದ್ಲಂತೆ. ಇನ್ನು ನಮ್ಮ ಮನೆಗೆ ಅವಳನ್ನ ಸೇರ್ಸಿದ್ರೆ ಕೇಳಿ" ಎಂದು ಸಾರಿಯಾಗಿತ್ತು. ಸೊಸೆ ಗಂಡನ ಕಾಲಬುಡದಲ್ಲಿ ಕುಳಿತು ಅವನು ಕಿತ್ತೆಸೆದ ಹೊದಿಕೆಯನ್ನು ಮತ್ತೆ ಹೊದಿಸುತ್ತಿದ್ದಳು.

ನರ್ಸು ದರ್ಜಿಯ ಮೂಗಿನಿಂದ ನಳಿಗೆ ಇಳಿಸಿ ಸಿರಪ್ಪು ಹಾಕಿದಳು, ಎನಿಮಾ ಕೊಟ್ಟಳು, ಗಂಟೆಗೊಮ್ಮೆ ಕೈ ಚಾಚಿಸಿ ನೋಡಿದಳು. ನಡುವೆ ಹಳೆಯ ಕಾಗದ ಕೇಳಿದಾಗ ಹೆಂಡತಿ ಬಿಡುಗಡೆ ಚೀಟಿ ತಂದುಕೊಟ್ಟು, ಅದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಎಲ್ಲ ವಾರ್ಡಿಗೂ ಒಂದೇ ಅಚ್ಚು: ಭೇದಿಯಾದರೆ ಔಷಧಿ ನಿಲ್ಲಿಸಿ.

ಆಂಟಿಬಯೋಟಿಕ್ ನುಂಗುವವರಿಗೆಂದು ಯಾರೋ ಪುಣ್ಯಾತ್ಮ ಹಾಕಿಸಿದ ಸಾಲು ಅದು. ತೆಗೆಸಿ ಎಂದು ನರ್ಸು ಮೂರು ಸಲ ಅರ್ಜಿ ಬರೆದಿದ್ದಳು. ಅರ್ಜಿಗಳು ಕಸದ ಬುಟ್ಟಿ ಸೇರಿರಬೇಕು. ಹಾಗಾಗಿ ಲಿವರ್ ರೋಗಿಗಳ ಚೀಟಿಯಲ್ಲಿ ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು, ಕೆಳಗೆ 'ದಿನಕ್ಕೆ ಎರಡು ಮೂರು ಸಲ ಹೋಗಲೇಬೇಕು' ಎಂದು ಕೈಯಲ್ಲೇ ಬರೆಯುವುದು ರೂಢಿಯಾಗಿತ್ತು. ದರ್ಜಿಯ ಚೀಟಿಯಲ್ಲಿ ಕೆಂಪು ಗೆರೆ ಇರಲಿಲ್ಲ. ಅವಳ ಸಹಿ ಇತ್ತು. ಅವತ್ತು ಕೈಗವಸು ಬಂದಿಲ್ಲವೆಂದು ಉಗ್ರಾಣದವನ ಜೊತೆ ಫೋನಿನಲ್ಲಿ ಜಗಳವಾಡುತ್ತಲೇ ಸಹಿ ಹಾಕಿದ್ದಳು. ಬೇರೆಯವರ ಮೇಲೆ ಕೂಗಾಡುವುದರಲ್ಲಿ ತನ್ನ ಕೆಲಸ ಮರೆತಿದ್ದಳು.

ವಿಷಯ ತಿಳಿದ ಮೇಲ್ವಿಚಾರಕಿ ತಣ್ಣಗೆ, "'ಮನೆಯವರು ಔಷಧಿ ನಿಲ್ಲಿಸಿದ್ದಾರೆ' ಅಂತ ಬರಿ, ಸಾಕು. ಸುಳ್ಳೇನಲ್ವಲ್ಲ" ಎಂದಳು.

"ನಿಮ್ಮ ನಿಜಕ್ಕಿಷ್ಟು ಬೆಂಕಿ ಹಾಕ!" ಎಂದ ನರ್ಸು, ಚೀಟಿಯ ತಪ್ಪನ್ನೂ ತನ್ನ ಸಹಿಯನ್ನೂ ಕೇಸ್‌ಶೀಟಿನಲ್ಲಿ ಎದ್ದುಕಾಣುವಂತೆ ಬರೆದಳು.

ಮೂರನೆಯ ದಿನ ದರ್ಜಿಯ ಚಾಚಿದ ಕೈ ಬೀಳದೆ ನಿಂತಿತು. ಹೆಂಡತಿಯನ್ನು ಗುರುತಿಸಿ, ಅಂಗಡಿಗೆ ಬೀಗ ಹಾಕಿದ್ದೀಯಾ ಎಂದು ಕೇಳಿದ. ನರ್ಸು ಅವಳನ್ನು ಕೈತೊಳೆಯುವ ತೊಟ್ಟಿಯ ಮೂಲೆಗೆ ಕರೆದು ಕೇಸ್‌ಶೀಟ್ ತೋರಿಸಿದಳು.

"ತಪ್ಪು ನಂದಮ್ಮ. ನೀವು ಚೀಟಿ ಓದಿ, ಅದರಲ್ಲಿದ್ದ ಹಾಗೇ ಮಾಡಿದ್ರಿ" ಎಂದಳು ಮೆಲ್ಲಗೆ.

ಹೆಂಡತಿ ಕೇಸ್‌ಶೀಟಿನಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಓದಿದಳು.

"ಅವತ್ತು ನೀವು ಬೈದದ್ದು ಹದಿನೆಂಟು ಹಾಸಿಗೆಗೂ ಕೇಳಿಸ್ತು ಸಿಸ್ಟರ್. ಇದು ನನಗೊಬ್ಬಳಿಗೇ ಕೇಳಿಸ್ತಾ ಇದೆ."

ನರ್ಸಿಗೆ ರೇಗಿತು. ಎದುರಿದ್ದವಳ ಮೇಲೆ ರೇಗಲು ಏನೂ ಉಳಿದಿರಲಿಲ್ಲ. ಕೇಸ್‌ಶೀಟ್ ಹಿಡಿದುಕೊಂಡೇ ವಾರ್ಡಿನ ನಡುವೆ ಹೋಗಿ ನಿಂತಳು. ದರ್ಜಿಯ ತಾಯಿ ನಾಲ್ಕನೇ ಹಾಸಿಗೆಯವರಿಗೆ ಅದೇ ಕಥೆ ಹೇಳುತ್ತಿದ್ದರು.

"ಎಲ್ರೂ ಒಂದ್ನಿಮಿಷ ಇಲ್ಲಿ ಕೇಳಿ!" ಎಂದು ಅವಳು ಕೂಗಿದಳು. ಕಾರಿಡಾರಿನಲ್ಲಿದ್ದವರೂ ಇಣುಕಿದರು. "ಔಷಧಿ ನಿಲ್ಲಿಸಿ ಅಂತ ಚೀಟಿ ಕೊಟ್ಟವಳು ನಾನು. ಈ ಹುಡುಗಿದು ಒಂದಿಷ್ಟೂ ತಪ್ಪಿಲ್ಲ."

ಮುದುಕಿ ತಬ್ಬಿಬ್ಬಾದರು. "ಅಲ್ಲ, ಅವಳೇ ಕೊಲ್ಲೋಕೆ ಹೊರಟಿದ್ಲು ಅಂತ ನೀವೇ ಹೇಳಿದ್ರಲ್ಲ?"

"ಹೌದಮ್ಮ, ನಾನೇ ಹೇಳ್ದೆ. ಕೊಲ್ಲೋಕೆ ಹೊರಟಿದ್ದವಳೂ ನಾನೇ."