ತೆಗೆಯಲು ಬಾರದ ಡಿಸ್ಕು

ಮೊನ್ನೆ ಮಗಳ ಲ್ಯಾಪ್‌ಟಾಪಿನ ಪರದೆಯ ಮೇಲೆ, ಹಾರ್ಡ್‌ಡಿಸ್ಕ್ ಬಳಕೆಯಲ್ಲಿದೆ, ಈಗ ತೆಗೆಯಬೇಡಿ ಎಂಬ ಸೂಚನೆ ಬಂತು. ಅವಳು ಬೇಸತ್ತು ವೈರು ಕೀಳಲು ಹೋದಳು. ನಾನು ಗದರಿದ ರಭಸಕ್ಕೆ ಪಾಪ, ಬೆಚ್ಚಿಬಿದ್ದಳು. ನನಗೆ ಬಾಜೂ ಮನೆಯ ಕಾಕಾ ನೆನಪಾಗಿದ್ದರು...

ಇಪ್ಪತ್ತು ವರ್ಷದ ಹಿಂದಿನ ಮಾತು. ವಡೋದರಾದ ಗೋರ್ವಾದಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಕಾಕಾ ಧಾರವಾಡದವರು, ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಬಂದವರು. ಅಹಮದಾಬಾದಿನಲ್ಲಿದ್ದ ಪುಟ್ಟ ಮೊಮ್ಮಗಳ ಬಾಯಲ್ಲಿ ಬರೀ ಗುಜರಾತಿ. ಅವಳಿಗೆ ಕನ್ನಡ ಹತ್ತಲಿ ಎಂದು ಕಾಕಾರ ಹೆಂಡತಿ ಕಾಕೂ ಮೈಕಿನ ಮುಂದೆ ಕುಳಿತು ಕಥೆ ಹೇಳುತ್ತಿದ್ದರು, ನಾನು ಅವರ ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಕಳಿಸೋಣ ಎನ್ನುತ್ತಿದ್ದರು. ಮುಗಿಯುವ ಮೊದಲೇ ಕ್ಯಾನ್ಸರು ಅವರನ್ನು ಒಯ್ದಿತು.

ಮರುವರ್ಷ ಕಾಕಾಗೆ ಸೂರತ್‌ಗೆ ವರ್ಗವಾಯಿತು. ಕಂಪ್ಯೂಟರ್ ಬ್ಯಾಂಕಿನದು, ಬಿಟ್ಟು ಹೋಗಬೇಕು. ಕಥೆಗಳನ್ನೆಲ್ಲ ಬೇರೊಂದು ಹಾರ್ಡ್‌ಡಿಸ್ಕಿಗೆ ಹಾಕಿ, ಕಂಪ್ಯೂಟರಿನಿಂದ ಅಳಿಸಿದೆ. ಸಾಮಾನು ಕಟ್ಟಿಸಿ ಬಂದು ನೋಡಿದರೆ ಪರದೆಯ ಮೇಲೆ ಇದೇ ಸೂಚನೆ, ಡಿಸ್ಕು ತೆಗೆಯಲು ಬಿಡುತ್ತಿಲ್ಲ. ಕೆಳಗೆ ಲಾರಿಯವನ ಹಾರನ್ನು ನಿಲ್ಲುತ್ತಿಲ್ಲ.

"ಎಲ್ಲಾ ಬಂದ್ ಮಾಡೀರಿಲ್ರಿ ಕಾಕಾ?"

"ಹೂಂ," ಎಂದರು, ನನ್ನ ಮುಖ ನೋಡದೆ.

ನನಗೆ ತಾಳ್ಮೆ ಎಂಬುದು ಆಗ ಇರಲಿಲ್ಲ. ಏನೂ ಆಗೂದಿಲ್ಲ ಬಿಡ್ರಿ ಎಂದು ವೈರು ಕಿತ್ತೆ.

ಮೂರನೇ ದಿನ ಸೂರತ್‌ನಿಂದ ಫೋನು. "ತಮ್ಮಾ, ಇಲ್ಲೆ ಆಫೀಸಿನ ಕಂಪ್ಯೂಟರಿಗೆ ಡಿಸ್ಕ್ ಹಚ್ಚಿದ್ರ, ಓದ್ಲಿಕ್ಕೆ ಬರೂದಿಲ್ಲ, ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳ್ತು. ಯೆಸ್ ಒತ್ತಿದೆ. ಈಗ ಒಳಗ ಏನೂ ಇಲ್ಲಲ್ಲೋ..."

ಕಂಪ್ಯೂಟರ್ ಏನೇ ಕೇಳಲಿ, ಹೆದರದೆ ಯೆಸ್ ಒತ್ತಿರಿ ಎಂದು ಅವರಿಗೆ ಕಲಿಸಿದ ಮಹಾನುಭಾವ ನಾನೇ.

ಸೂರತ್‌ಗೆ ಓಡಿದೆ. ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಸಿಕ್ಕಿದ್ದು ಹೆಸರಿಲ್ಲದ ಫೈಲುಗಳ ಚೂರು. ಒಂದೂ ದನಿ ಮಾಡಲಿಲ್ಲ. ಕಾಕಾ ನನ್ನನ್ನು ಬೈಯಲಿಲ್ಲ. ಚಹಾದ ಕಪ್ಪು ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದರು: "ಅವತ್ತ ಸುಳ್ಳ ಹೇಳಿದ್ನಿ ತಮ್ಮಾ. ಒಳಗ ಆಕಿ ಕಥಿ ನಡದಿತ್ತು. ನೀ ಬಂದಿ ಅಂತ ಆವಾಜ್ ಅಷ್ಟ ತಗದಿದ್ದೆ. ಬಂದ್ ಮಾಡ್ಲಿಕ್ಕೆ ಮನಸ್ಸಾಗ್ಲಿಲ್ಲ."

ನಾಚಿಕೊಂಡು ಸುಳ್ಳು ಹೇಳಿದ್ದರು ಅಷ್ಟೇ. ತಪ್ಪು ನನ್ನದು. ಹಾಗೆಂದು ಅವರೆದುರು ಹೇಳಲು ಬಾಯಿ ಬರಲಿಲ್ಲ, ಆಮೇಲೆ ಅವರೂ ಉಳಿಯಲಿಲ್ಲ.

ಮೊಮ್ಮಗಳು ಈಗ ಭೋಪಾಲ್‌ನಲ್ಲಿದ್ದಾಳೆ. ಹೋದ ವರ್ಷ ನನ್ನ ನಂಬರು ಹುಡುಕಿ ಫೋನ್ ಮಾಡಿದ್ದಳು. ಅಜ್ಜಿಯ ದನಿ ಹೇಗಿತ್ತು ಅಂಕಲ್ ಎಂದು ಹಿಂದಿಯಲ್ಲಿ ಕೇಳಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಿಂಗಳುಗಟ್ಟಲೆ ನಾನೇ ಕೇಳಿದ ದನಿ... ಎಷ್ಟು ಹೊತ್ತು ಯೋಚಿಸಿದರೂ ನೆನಪಾಗಲಿಲ್ಲ.