ಮೊರದ ಮರೆಯ ದಾಳ

ಶಮಾ, ನಿನ್ನ ಗುಲ್ನಾರಳನ್ನು ಕೊಂದದ್ದು ರಾಕ್ಷಸನಲ್ಲ, ನಾನು. ದಾಳದಲ್ಲಿ ಬಿದ್ದದ್ದು ಎರಡು. ನಾನು ಹದಿನೆಂಟು ಅಂದೆ.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು.

ಆ ಬೇಸಿಗೆ ರಜೆಯಲ್ಲಿ, ಕುಷ್ಟಗಿಯ ನಮ್ಮ ಪಡಸಾಲೆಯಲ್ಲಿ, ಎದುರು ಮನೆಯ ನೀನು ಮತ್ತು ನನ್ನ ಮೊಮ್ಮಗಳು ಅಕ್ಷತಾ ಆಡುತ್ತಿದ್ದ ಆಟ. ಕಥೆ ಕಟ್ಟುವವಳು, ರಾಕ್ಷಸರನ್ನು ಆಡಿಸುವವಳು ನಾನು. ಅಕ್ಷತಾಳ ಪಾತ್ರ ಕತ್ತಿ ಹಿಡಿದ ವೀರೆ. ನಿನ್ನದು ಮದ್ದು ಕೊಟ್ಟು ಬದುಕಿಸುವ ಗುಲ್ನಾರ. ಇಪ್ಪತ್ತು ಮುಖದ ದಾಳದಲ್ಲಿ ಹೆಚ್ಚು ಬಿದ್ದರೆ ರಾಕ್ಷಸನ ಏಟು ತಗಲಿತು, ಕಡಿಮೆ ಬಿದ್ದರೆ ತಪ್ಪಿತು. ನಿಮಗೆ ಕಾಣದಂತೆ ಮೊರ ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಒಗೆಯುತ್ತಿದ್ದೆ.

ಮೊದಲು ನೀನೇ ನಕ್ಕಿದ್ದೆ. "ಅಜ್ಜಿ, ನಿಮ್ಮ ರಾಕ್ಷಸರು ರೇಷನ್ ಅಂಗಡಿ ಮುಂದ ನಿಂತಂಗ ಪಾಳಿ ಹಚ್ಚಿ ನಿಂತು ಹೊಡಿಸ್ಕೋತಾರಲ್ರಿ!"

ನನಗೆ ಹಟ ಬಂತು. ಶಾಲೆ ಕಲಿತವಳಲ್ಲ, ಆದರೆ ಕುರಿ ಹಿಂಡಿಗೆ ತೋಳ ಬೀಳುವುದನ್ನು ಕಂಡು ಬೆಳೆದವಳು. ಒಂದು ಎದುರಿಗೆ ಬಂದು ನಾಯಿಯನ್ನು ಸೆಳೆದೊಯ್ಯುತ್ತದೆ, ಉಳಿದವು ಹಿಂದಿನಿಂದ ನುಗ್ಗುತ್ತವೆ. ರಾಕ್ಷಸರಿಗೂ ಅದನ್ನೇ ಕಲಿಸಿದೆ — ದೀಪ ಆರಿಸು, ಮದ್ದಿನವಳನ್ನು ಬೇರೆ ಮಾಡು. ಆಟ ರಂಗೇರಿತು. ನೀವಿಬ್ಬರೂ ಚೀರುತ್ತಿದ್ದಿರಿ, ನನಗೆ ಹಬ್ಬ.

ಅಲ್ಲಿಗೇ ನಿಲ್ಲಿಸಿದ್ದರೆ... ಒಮ್ಮೆ ವೀರೆಗೆ ಏಟು ತಗಲಿ ಅಕ್ಷತಾಳ ತುಟಿ ನಡುಗಿತು. ಚೌಕಾಬಾರದಲ್ಲಿ ಸಣ್ಣವರಿಗೆ ಒಂದು ಮನೆ ಹೆಚ್ಚು ಎಣಿಸುವುದು ನಮ್ಮ ರೂಢಿ. ಎಲ್ಲರೂ ನೋಡುತ್ತಾರೆ, ನಗುತ್ತಾರೆ. ಮೊರದ ಹಿಂದೆ ಯಾರು ನೋಡಬೇಕು? ಅವಳ ಮೇಲೆ ಬಿದ್ದ ಹತ್ತೊಂಬತ್ತನ್ನು ಮೂರು ಅಂದೆ. ಆದರೂ ಆಟ ಬಿಗಿಯಾಗಿರಬೇಕಲ್ಲ — ಅವಳಿಗೆ ತಪ್ಪಿಸಿದ ಏಟನ್ನೆಲ್ಲ ನಿನಗೆ ಹಾಕಿದೆ.

ಗುಲ್ನಾರ ಸತ್ತಳು. ನೀನು ಬಿಕ್ಕಳಿಸುತ್ತಿದ್ದೆ. ನಾನು ಅಂದದ್ದು ಇದು: "ಅಳಬ್ಯಾಡವಾ. ನಿನ್ನ ನಸೀಬು. ದಾಳಕ್ಕ ಬೈಯಾಕ ಆಗತೈತೇನು?"

ಥೂ! ಆ ನಾಲಿಗೆಯಲ್ಲೇ ಇವತ್ತಿಗೂ ಉಣ್ಣುತ್ತಿದ್ದೇನೆ.

ನೀನು ಬರುವುದು ಬಿಟ್ಟೆ. "ನನ್ನ ಕೈಯೇ ಛಲೋ ಇಲ್ಲ ಅಂತಾಳ್ರಿ, ಯಾವ ಆಟಕ್ಕೂ ಒಲ್ಲೆ ಅಂತಾಳ" ಎಂದು ನಿಮ್ಮ ಅಮ್ಮಿ ಹೇಳಿದಾಗ ನಾನು ಬೇಳೆ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ. ಮುಂದೆ ನೀವು ಗಂಗಾವತಿಗೆ ಹೋದಿರಿ. ಹಾಯೆನಿಸಿತು — ಅದೂ ನಿಜ.

ಈಗ ಅಕ್ಷತಾಳೇ ಆಟ ನಡೆಸುತ್ತಾಳೆ, ದಾಳವನ್ನು ಎಲ್ಲರ ಕಣ್ಣೆದುರು ನೆಲಕ್ಕೆ ಒಗೆಯುತ್ತಾಳೆ. ನಿನ್ನೆ ಅವಳ ಗೆಳತಿಯರು ಉಸಿರು ಬಿಗಿಹಿಡಿದು ಕೂತಿದ್ದರು. ನಾನು ಕುಣಿಯುವುದೊಂದು ಬಾಕಿ. ಎಂಥ ಮೊಮ್ಮಗಳು ನನ್ನವಳು! ಆಗ ಅವಳು ಅಂದಳು, "ಇದೆಲ್ಲಾ ನಮ್ಮಜ್ಜಿ ಕಲಿಸಿದ್ದು. ಅಕಿ ಯಾರ ಮುಖಾನೂ ನೋಡ್ತಿರಲಿಲ್ಲ, ದಾಳ ಬಿದ್ದಂಗ ಹೇಳ್ತಿದ್ಲು."

ಉಕ್ಕುತ್ತಿದ್ದ ಸಂತೋಷ ಅಲ್ಲೇ ಹುಳಿತುಹೋಯಿತು.

ಐತವಾರ ಅವಳನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಈಗ ಮನಸ್ಸಿನಲ್ಲೇ ಅಂದುಕೊಂಡ ಇದನ್ನೆಲ್ಲ ಅವಳೆದುರೇ ನಿನಗೆ ಹೇಳುತ್ತೇನೆ. ಯಾಕೆ ಹೊರಟಿದ್ದೇವೆಂದು ಅವಳಿಗಿನ್ನೂ ಗೊತ್ತಿಲ್ಲ. "ಶಮಾನ ಮನಿಗಾ? ಖರೇನಾ ಅಜ್ಜಿ!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

ಐತವಾರದ ಮೇಲೆ ನನ್ನತ್ತ ಹೀಗೇ ಅರಳುತ್ತದೋ ಇಲ್ಲವೋ, ಆ ಮುಖವನ್ನು ಇವತ್ತು ಕಣ್ತುಂಬ ನೋಡಿಕೊಂಡೆ.