ತಮಟೆಯ ಹಾಗೆ ಬಿಗಿದ ಹಾಯಿ

ಗೋವಿಂದರಾಜನಗರದಿಂದ ಮಾಗಡಿ ರೋಡಿಗೆ ಹೋಗುವ ದಾರಿಯಲ್ಲಿ ಯಾವ ಆಟೋದವನನ್ನು ಕೇಳಿದರೂ ವೆಂಕಟಸ್ವಾಮಿಯ ಅಂಗಡಿ ತೋರಿಸುತ್ತಾನೆ. ಅಂಗಡಿ ಅಂದರೆ ಏನು, ಮನೆಯ ಮುಂದಿನ ರೂಮಿಗೇ ಒಂದು ಶಟರ್ ಹಾಕಿಸಿಕೊಂಡದ್ದು. ಒಳಗೆ ಹೊಲಿಗೆ ಮಷೀನು, ರೆಕ್ಸಿನ್ ಸುರುಳಿ, ಸ್ಪಂಜು, ಅಂಟಿನ ಡಬ್ಬ. ಆಟೋಗಳ ಟಾಪು, ಸೀಟು ಹೊಲಿಯುವುದು ಅವನ ಕಸುಬು. ಚಿಕ್ಕಂದಿನಲ್ಲಿ ಕಲಿತದ್ದು, ತಲೆ ನೆರೆತರೂ ಬಿಟ್ಟಿಲ್ಲ.

ಟಾಪನ್ನು ಕಂಬಿಗೆ ಏರಿಸಿ ಕಟ್ಟಿದ ಮೇಲೆ ಅವನು ಬೆರಳ ಗಿಣ್ಣಿನಿಂದ ಒಂದು ಸಲ ತಟ್ಟುತ್ತಿದ್ದ. ಕಾಸಿದ ತಮಟೆಯ ಹಾಗೆ ಟಣ್ ಅನ್ನಬೇಕು. ಅನ್ನದಿದ್ದರೆ ಪೂರಾ ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಬೇರೆಯವರು ಹೊಲಿದ ಟಾಪು ಜೋಲುಬಿದ್ದು, ಮಳೆನೀರು ನಿಂತು, ಕೂತವರ ನೆತ್ತಿಯ ಮೇಲೆ ತೊಟ್ಟಿಕ್ಕುತ್ತದಲ್ಲ, ಅಂಥದ್ದು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಇದೇನ್ ಟಾಪಾ, ಜೋತುಬಿದ್ದ ಸೆರಗಾ" ಅಂತ ರಸ್ತೆಯಲ್ಲೇ ಆಡಿಕೊಳ್ಳೋನು.

ಕೆಲಸ ಅಷ್ಟು ಚೊಕ್ಕ, ಆದರೆ ತಪ್ಪು ಮಾತ್ರ ಎಂದೂ ಅವನದಲ್ಲ. ಹೊಲಿಗೆ ಬಿಟ್ಟರೆ ದಾರ ಸರಿಯಿಲ್ಲ. ಅಳತೆ ಕೆಟ್ಟರೆ ಆಟೋದ ಕಂಬಿ ಸೊಟ್ಟ. "ಇವ್ರು ಇಟ್ಟ ಹಾಲು ಉಕ್ಕಿದ್ರೂ ಹಸೂದೇ ತಪ್ಪು" ಅಂತ ಹೆಂಡತಿ ಮುನಿತಾಯಮ್ಮ ನಗುತ್ತಿದ್ದಳು.

ಆ ಮನೆಯ ಮೇಲಿನ ರೂಮಿನಲ್ಲಿ ಕುಸುಮಾ ಅಂತ ಒಂದು ಹುಡುಗಿ ಬಾಡಿಗೆಗಿದ್ದಳು. ನಾಗರಬಾವಿ ಕಡೆ ಲಾ ಓದುತ್ತಿದ್ದಳು. ಹೊನ್ನಾವರದ ಆಚೆ ಒಂದು ಕಡಲೂರಿನವಳು. ಮಗಳನ್ನು ನೋಡಲು ಬಂದ ಅವಳ ಅಪ್ಪ ಸುಬ್ರಾಯ ಖಾರ್ವಿ ಒಂದು ಮಧ್ಯಾಹ್ನವೆಲ್ಲ ಅಂಗಡಿ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಮಷೀನು ದಪ್ಪ ರೆಕ್ಸಿನ್ನಿನ ಮೇಲೆ ಓಡುವುದನ್ನೇ ನೋಡಿದ. ಕೊನೆಗೆ ಕೇಳಿದ.

"ನಮ್ಮ ದೋಣಿಗೆ ಒಂದು ಹಾಯಿ ಹೊಲಿದುಕೊಡ್ತೀರೋ ಸ್ವಾಮಿಯವರೇ? ನಮ್ಮ ಬದಿ ಈಗ ಎಲ್ಲರದ್ದೂ ಇಂಜಿನ್ನು. ಹಾಯಿ ಹೊಲಿಯೂ ಜನವೇ ಇಲ್ಲ. ನಾನು ಮಾತ್ರ, ಮತ್ತೆ ಇಬ್ಬರು ಮೂವರು, ಇನ್ನೂ ಗಾಳೀಲೇ ಹೋಗಿ ಬರೂದು."

"ಅದೇನ್ ಮಹಾ," ಅಂದ ವೆಂಕಟಸ್ವಾಮಿ. "ಹಳೇದು ಕಳಿಸಿ. ಅದನ್ನ ನೋಡ್ಕೊಂಡು ಹೊಲ್ದು ಬಿಸಾಕ್ತೀನಿ."

ದಸರಾ ರಜ ಮುಗಿಸಿ ಬರುವಾಗ ಕುಸುಮಾ ಗೋಣಿಚೀಲದಲ್ಲಿ ಹಳೇ ಹಾಯಿ ತಂದಳು. ಕೈಹೊಲಿಗೆಯದು, ಅಲ್ಲಲ್ಲಿ ಜೀರ್ಣವಾಗಿತ್ತು. ವೆಂಕಟಸ್ವಾಮಿ ರಸ್ತೆಯ ಮೇಲೇ ಹಾಸಿದ. ಹಾಸಿದರೆ ಅದು ನೆಲಕ್ಕೆ ಕೂರಲೇ ಇಲ್ಲ, ನಡುವೆ ಉಬ್ಬಿಕೊಂಡು ನಿಂತಿತು. ಬಗ್ಗಿ ನೋಡಿದ. ಪಟ್ಟಿ ಪಟ್ಟಿಯಾಗಿ ಜೋಡಿಸಿದ್ದ ಬಟ್ಟೆ. ಪಟ್ಟಿಯ ಮೇಲೆ ಪಟ್ಟಿ ಕೂತ ಜೋಡಣೆ ಅಂಚಿನಲ್ಲಿ ಮೂರು ಬೆರಳಗಲ, ನಡುವಿಗೆ ಬರುತ್ತಾ ಒಂದೇ ಬೆರಳು.

"ಯಾವ ಕುಡುಕನಮ್ಮ ಇದನ್ನ ಹೊಲ್ದಿದ್ದು? ಒಂದ್ ಹೊಲಿಗೆ ನೆಟ್ಟಗಿಲ್ವಲ್ಲ," ಅಂದ.

ಕುಸುಮಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎದುರಿನ ಸ್ಟ್ಯಾಂಡಿನ ಆಟೋ ಮಹದೇವ ಗಹಗಹಿಸಿ ನಕ್ಕ. ಅವಳೂ ಒಂಚೂರು ನಕ್ಕು ಮೇಲೆ ಹೋದಳು.

ವೆಂಕಟಸ್ವಾಮಿ ತನ್ನ ಬುದ್ಧಿಯನ್ನೆಲ್ಲ ಸುರಿದು ಹೊಲಿದ. ನೀರು ಇಳಿಯದ ದಪ್ಪ ಬಟ್ಟೆ, ಎರಡೆರಡು ಹೊಲಿಗೆ, ಅಂಚಿಗೆಲ್ಲ ಹಗ್ಗ ಪೋಣಿಸಲು ಹಿತ್ತಾಳೆ ಕಣ್ಣು. ಹಾಸಿದರೆ ಕೆರೆಯ ನೀರಿನ ಹಾಗೆ ಸಪಾಟು. ನಾಲ್ಕು ಜನರನ್ನು ನಿಲ್ಲಿಸಿ ಎಳೆಸಿ ತಟ್ಟಿ ತೋರಿಸಿದ. ಟಣ್ ಅಂತು. ಹಳೆಯದು ಇನ್ನೇಕೆ ಅಂತ ಕತ್ತರಿಸಿ, ಮಹದೇವನ ಆಟೋ ಸೀಟಿನಡಿ ಸ್ಪಂಜಿಗೆ ಆಸರೆಯಾಗಿ ತುಂಬಿದ. ಉಳಿದ ಒಂದು ತುಂಡು ಮುನಿತಾಯಮ್ಮನ ಬಚ್ಚಲ ಬಾಗಿಲಿಗೆ ಕಾಲೊರೆಸು ಆಯಿತು.

ತನ್ನ ಹಾಯಿ ಕಡಲ ಮೇಲೆ ಓಡುವುದನ್ನು ಕಣ್ಣಾರೆ ನೋಡಬೇಕು ಅಂತ ಆಸೆ ಹುಟ್ಟಿತು. ತಾನೇ ಹೊತ್ತುಕೊಂಡು ಬಸ್ಸು ಹತ್ತಿದ. ಸುಬ್ರಾಯನ ಮನೆಯವರು ನೆಂಟರ ಹಾಗೆ ಕಂಡರು. ಕುಸುಮಾಳ ತಾಯಿ ಬಂಗುಡೆ ಸಾರು ಬಡಿಸುತ್ತಾ, "ಸಾಕನಾ? ಇನ್ನೊಂದು ಹಾಕ್ತೆ" ಅಂತ ಉಪಚರಿಸಿದಳು. ಅವಳ ಬಲಗೈ ಬೆರಳುಗಳು ಗಂಟುಗಂಟಾಗಿ ಸೆಟೆದಿದ್ದವು. ಸೌಟನ್ನು ಎಡಗೈಯಲ್ಲಿ ಹಿಡಿದಿದ್ದಳು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಸುಬ್ರಾಯನೂ ಅವನೂ ದೋಣಿ ಇಳಿಸಿದರು. ಆಗ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ. ಬೆನ್ನ ಹಿಂದಿನ ಗಾಳಿ, ಹೊಸ ಹಾಯಿಯನ್ನು ಹಾಗೂ ಹೀಗೂ ತಳ್ಳಿಕೊಂಡು ಹೋಯಿತು. ವೆಂಕಟಸ್ವಾಮಿ ಹಾಯಿಯನ್ನು ಬೆರಳಲ್ಲಿ ತಟ್ಟಿ, "ಹೆಂಗೆ?" ಅಂದ. ಸುಬ್ರಾಯ ಹಾಯಿಯನ್ನೊಮ್ಮೆ ನೀರನ್ನೊಮ್ಮೆ ನೋಡಿ, "ಗಟ್ಟಿ ಉಂಟು" ಅಂದ.

ದಡದ ತೆಂಗಿನಮರಗಳು ಒಂದು ಹಸಿರು ಗೆರೆಯಾಗಿ ಕೊನೆಗೆ ಅದೂ ಕಾಣದಾಯಿತು. ವೆಂಕಟಸ್ವಾಮಿ ದೋಣಿಯ ಅಂಚು ಹಿಡಿದು ತಿಂದದ್ದನ್ನೆಲ್ಲ ಕಕ್ಕಿದ. ಸುಬ್ರಾಯ ಒಬ್ಬನೇ ಬಲೆ ಬಿಟ್ಟು ಒಬ್ಬನೇ ಎಳೆದ. ಪುಣ್ಯಕ್ಕೆ ಒಳ್ಳೆ ಮೀನು ಬಿತ್ತು. ಬಂಗುಡೆ, ದೋಣಿಯ ನಡುವೆಲ್ಲ ಮಿರಮಿರ.

ತೊಂದರೆ ಆದದ್ದು ವಾಪಸು ಬರುವಾಗ. ನೀರಿನ ಸೆಳವು ದೋಣಿಯನ್ನು ದಕ್ಷಿಣಕ್ಕೆ ಒಯ್ದಿತ್ತು. ಮಧ್ಯಾಹ್ನದ ಕಡಲ ಗಾಳಿಯನ್ನು ಈಗ ಪಕ್ಕದಲ್ಲಿ ಹಿಡಿದುಕೊಂಡು ಊರಿನ ಕಡೆ ಉತ್ತರಕ್ಕೆ ಬರಬೇಕು. ಸುಬ್ರಾಯ ಹಗ್ಗ ಎಳೆದ, ಬಿಟ್ಟ, ಮತ್ತೆ ಎಳೆದ. ಹಾಯಿ ತಗಡಿನ ಹಾಗೆ ಪಟಪಟ ಬಡಿದುಕೊಂಡಿತೇ ಹೊರತು ಗಾಳಿ ಹಿಡಿಯಲಿಲ್ಲ. ದೋಣಿ ಮುಂದೆ ಹೋಗುವ ಬದಲು ಏಡಿಯ ಹಾಗೆ ಅಡ್ಡಡ್ಡ ಜಾರಿತು.

ಆಗ ಅತ್ತ ಕಡೆಯಿಂದ ಅದೇ ಊರಿನ ಇನ್ನೆರಡು ಹಾಯಿದೋಣಿ ಬಂದವು. ಅವುಗಳ ಹಾಯಿ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿಕೊಂಡಿತ್ತು. ನೀರು ಸೀಳಿಕೊಂಡು ದಾಟಿ ಹೋದವು. ವೆಂಕಟಸ್ವಾಮಿ ಬಾಯಿ ಒರೆಸಿಕೊಂಡು ಅದನ್ನೇ ನೋಡಿದ. ರಸ್ತೆಯ ಮೇಲೆ ಹಾಸಿದಾಗ ನೆಲಕ್ಕೆ ಕೂರದೆ ನಿಂತಿತ್ತಲ್ಲ, ಅದೇ ಉಬ್ಬು. ಜೋಲಲ್ಲ ಅದು, ಬೇಕೂಂತಲೇ ಇಟ್ಟ ಹೊಟ್ಟೆ. ಗಾಳಿ ಕೂರೋದಕ್ಕೆ ಜಾಗ. ತನ್ನ ಕೆಲಸದಲ್ಲಿ ಯಾವುದು ಅವಮಾನವೋ ಇಲ್ಲಿ ಅದೇ ಕೆಲಸ.

ಸುಬ್ರಾಯ ಹಾಯಿ ಇಳಿಸಿ ಮಡಚಿಟ್ಟ. ಹುಟ್ಟು ಹಾಕುತ್ತಾ ಕೂತ. ಒಂದು ಬೈಗುಳ ಬೈದಿದ್ದರೆ ವೆಂಕಟಸ್ವಾಮಿ ಬಟ್ಟೆಯ ಮೇಲೋ ದಾರದ ಮೇಲೋ ಹಾಕಿ ಉಳಿದುಕೊಳ್ಳುತ್ತಿದ್ದ.

ದಡ ಮುಟ್ಟುವ ಹೊತ್ತಿಗೆ ಮೀನು ಕೊಳ್ಳುವ ಐಸ್ ಗಾಡಿಗಳು ಹೋಗಿಯಾಗಿತ್ತು. ಬಿಸಿಲಿಗೆ ಬಂಗುಡೆಯ ಕಣ್ಣು ಇಂಗಿ ಹೊಟ್ಟೆ ಮೆತ್ತಗಾಗಿತ್ತು. ಮನುಷ್ಯರು ತಿನ್ನುವ ಲೆಕ್ಕಕ್ಕೆ ಬಾರದೆ ಗೊಬ್ಬರದವರ ಪಾಲಾಯಿತು. ಊರ ಜನ ಸುತ್ತ ನಿಂತು, "ಎಂತಾಯ್ತೋ ಸುಬ್ರಾಯ?" ಅಂದರು.

"ಗಾಳಿ ಇರಲಿಲ್ಲ ಮಾರಾಯ," ಅಂದ ಸುಬ್ರಾಯ, ನೆಲ ನೋಡುತ್ತಾ.

ಅತಿಥಿಯ ಮಾನ ಮುಚ್ಚಿದ ಮಾತು ಅದು. ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. ವೆಂಕಟಸ್ವಾಮಿಯ ಬಾಯಿ ಸುಮ್ಮನಿರಲಿಲ್ಲ. "ಹೌದು ಸಾರ್, ಗಾಳೀನೇ ಇರ್ಲಿಲ್ಲ. ಇದ್ದಿದ್ರೆ ನಮ್ಮ ಹಾಯಿ ಹೆಂಗ್ ಓಡ್ತಿತ್ತು ಗೊತ್ತಾ," ಅಂದ. ಅವನ ಬೆನ್ನ ಹಿಂದೆ ಒಣಹಾಕಿದ್ದ ಸೀರೆಯೊಂದು ಗಾಳಿಗೆ ಹಗ್ಗ ಕಿತ್ತುಕೊಂಡು ಹೋಗುವ ಹಾಗೆ ಹಾರುತ್ತಿತ್ತು. ಎಲ್ಲರೂ ಅದನ್ನು ನೋಡಿದರು. ಯಾರೂ ನಗಲಿಲ್ಲ.

ಕುಸುಮಾಳ ತಾಯಿ ಹಾಯಿಯ ಹೊಲಿಗೆ ಮುಟ್ಟಿ ನೋಡಿ ಕೇಳಿದಳು. "ಹಳೇದು ಇಟ್ಟಿದ್ದೀರಲ್ಲ?"

"ಇದೆ ತಾಯಿ. ಭದ್ರವಾಗಿದೆ."

"ಅಡ್ಡಿಲ್ಲ. ನಾನು ಒಂದು ಮಳೆಗಾಲ ಪೂರಾ ಕೂತು ಹೊಲಿದದ್ದು. ಕುಸುಮಾ ಆಗ ಹೊಟ್ಟೇಲಿದ್ಲು. ಈಗ ಕೈ ಮಡಚೂದಿಲ್ಲ. ಅದೊಂದಿದ್ರೆ ಯಾರ ಕೈಲಾದ್ರೂ ಅಳತೆ ತೆಗೆಸ್ಲಿಕ್ಕೆ ಅಡ್ಡಿಲ್ಲ."

ವೆಂಕಟಸ್ವಾಮಿ ಆ ರಾತ್ರಿಯ ಊಟ ಬೇಡವೆಂದು ಸಂಜೆಯ ಬಸ್ಸಿಗೇ ಹೊರಟುಬಿಟ್ಟ.

ಬೆಂಗಳೂರಿಗೆ ಬಂದು, "ಗಾಳಿ ಇರ್ಲಿಲ್ಲ" ಅಂತ ಮಹದೇವನಿಗೂ ಹೇಳಿದ, ಹೆಂಡತಿಗೂ ಹೇಳಿದ. ಕೆಲಸಕ್ಕೆ ಕೂತರೆ ಕೈ ಓಡದು. ಕುಸುಮಾ ಮೆಟ್ಟಿಲಿಳಿಯುವ ಸದ್ದಾದರೆ ಡಬ್ಬದಲ್ಲಿ ಏನೋ ಹುಡುಕುವವನ ಹಾಗೆ ಒಳಗೆ ಸರಿಯುತ್ತಿದ್ದ. ಒಂದು ಸಂಜೆ ಅವಳೇ ಬಾಗಿಲಲ್ಲಿ ನಿಂತಳು.

"ಅಂಕಲ್, ಅಮ್ಮ ಹಳೇ ಹಾಯಿ ಕೇಳ್ತಿದ್ರು. ಅಪ್ಪ ಈಗ ನಮ್ಮ ದೋಣಿ ಇಳಿಸ್ತಾ ಇಲ್ಲ. ಬೇರೆಯವರ ಬೋಟಿಗೆ ಕೂಲಿಗೆ ಹೋಗ್ತಾರೆ." ತಡೆದು ಹೇಳಿದಳು. "ಅಲ್ಲಿ ಎಲ್ಲಾರೂ ತಮಾಷೆ ಮಾಡ್ತಾರಂತೆ. ಬೆಳಿಗ್ಗೆ ದಡದಲ್ಲಿ ಕಂಡ್ರೆ ಸಾಕು, 'ಸುಬ್ರಾಯಣ್ಣ, ಇವತ್ತು ಗಾಳಿ ಉಂಟೋ ಇಲ್ಲವೋ ಸ್ವಲ್ಪ ಹೇಳು' ಅಂತ. ಹುಟ್ಟಿದಾಗಿಂದ ಕಡಲಲ್ಲಿರೋರು ಅವ್ರು. ಅಮ್ಮಂಗೆ ಅದೇ ಬೇಜಾರು."

ಅವಳು ಹೋದ ಮೇಲೆ ಮುನಿತಾಯಮ್ಮ ಬಚ್ಚಲ ಬಾಗಿಲಿನ ಕಾಲೊರೆಸು ಎತ್ತಿ ಒಗೆದು ಹಿಂಡಿ ತಂತಿಯ ಮೇಲೆ ಹರವಿದಳು. ಗಂಡನ ಮುಖ ನೋಡಲಿಲ್ಲ. "ಮಿಕ್ಕಿದ್ದು ಮಹದೇವನ ಗಾಡೀಲಿದೆ," ಅಂದಳು ಅಷ್ಟೆ.

ಸ್ಟ್ಯಾಂಡಿನಲ್ಲಿ ಮಹದೇವ ಹಲುಬಿದ. "ಸ್ವಾಮಣ್ಣ, ಮೊನ್ನೆ ಹೊಲ್ದಿರೋ ಸೀಟು ಕಣಣ್ಣ. ಯಾಕ್ ಬಿಚ್ತೀಯಾ? ಒಳಗೇನ್ ಚಿನ್ನ ಇಟ್ಟಿದೀಯಾ?"

"ಬಿಚ್ಬೇಕು, ಬಿಡೋ."

"ಕಾರಣ ಹೇಳು, ಬಿಡ್ತೀನಿ."

ಸುತ್ತ ಆಟೋದವರೆಲ್ಲ ಚಹಾ ಹಿಡಿದು ನೋಡುತ್ತಿದ್ದರು. ವೆಂಕಟಸ್ವಾಮಿ "ಗಾಳಿ…" ಅಂತ ಶುರುಮಾಡಿದ. ಸೀಟಿನ ಹೊಲಿಗೆಗೆ ಬ್ಲೇಡು ಹಾಕುತ್ತಾ, ಸೀಟಿಗೇ ಹೇಳುವ ಹಾಗೆ ಹೇಳಿದ. "ಹಾಯಿ ನಾನ್ ಕೆಡಿಸ್ದೆ. ಆಯಮ್ಮನದು ಸರಿಯಾಗಿತ್ತು. ಅದನ್ನೂ ಕತ್ತರ್ಸಿ ಹಾಕ್ದೆ."

ಮಹದೇವನಿಗೆ ಗೇಲಿ ಮಾಡುವ ಮಾತು ನಾಲಿಗೆಯ ತುದಿಗೇ ಬಂದಿತ್ತೇನೋ, ನುಂಗಿಕೊಂಡು ಸೀಟಿನ ಇನ್ನೊಂದು ತುದಿ ಹಿಡಿದುಕೊಂಡ.

ತುಂಡುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ವೆಂಕಟಸ್ವಾಮಿ ಮತ್ತೆ ಸುಬ್ರಾಯನ ಊರಿಗೆ ಹೋದ. ಈ ಸಲ ಮನೆಗಲ್ಲ, ನೆಟ್ಟಗೆ ದಡಕ್ಕೆ. ದೋಣಿಗಳು ಬಂದು, ಮೀನು ಕೂಗಿ ಮಾರುವ ಗಲಾಟೆಯ ಹೊತ್ತು. ಸುಬ್ರಾಯ ಯಾರದೋ ಬೋಟಿನ ಬುಟ್ಟಿ ಹೊರುತ್ತಿದ್ದ. ಇವನನ್ನು ಕಂಡು ಒಬ್ಬ, "ಓ, ಬೆಂಗಳೂರಿನ ಗಾಳಿ ಬಂತು" ಅಂದ. ನಗು ಎದ್ದಿತು.

ವೆಂಕಟಸ್ವಾಮಿ ಚೀಲ ಕೆಳಗಿಟ್ಟ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. "ಅವತ್ತು ಗಾಳಿ ಇತ್ತು," ಅಂದ. "ಬೇಕಾದಷ್ಟಿತ್ತು. ಹಾಯಿ ಸರಿ ಇರ್ಲಿಲ್ಲ. ಹೊಲ್ದೋನು ನಾನು. ನನ್ ಮಾನ ಉಳಿಸೋಕೆ ಅವ್ರು ಸುಳ್ಳು ಹೇಳಿದ್ರು. ನಾನು ಸೇರ್ಕೊಂಡು ಇನ್ನೊಂದ್ ಹೇಳ್ದೆ."

ಬಲೆ ಬಿಡಿಸುತ್ತಿದ್ದ ಮುದುಕನೊಬ್ಬ ತಲೆಯೆತ್ತಲಿಲ್ಲ. "ಅದು ನಮಗೆ ಅವತ್ತೇ ಗೊತ್ತುಂಟು," ಅಂದ.

ಸುಬ್ರಾಯ ಬುಟ್ಟಿ ಹೊತ್ತು ಇವನ ಪಕ್ಕದಲ್ಲೇ ಹಾದುಹೋದ. ನಿಲ್ಲಲೂ ಇಲ್ಲ, ನೋಡಲೂ ಇಲ್ಲ. ಅವನಿಗೆ ಸಿಟ್ಟೋ ಸಂಕೋಚವೋ ವೆಂಕಟಸ್ವಾಮಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ಕುಸುಮಾಳ ತಾಯಿ ಬಂದು ಚೀಲದ ಬಾಯಿ ಬಿಚ್ಚಿದಳು. ತಾನು ಹೊಲಿದದ್ದರ ಒಂದೊಂದೇ ತುಂಡು ಎತ್ತಿ, ಸೆಟೆದ ಬೆರಳಿನಿಂದ ಸವರಿ, ಮರಳಿನ ಮೇಲೆ ಹರವಿದಳು. ಭದ್ರವಾಗಿದೆ ಅಂದಿದ್ದಿರಲ್ಲ ಅಂತ ಕೇಳುತ್ತಾಳೆಂದು ವೆಂಕಟಸ್ವಾಮಿ ಕಾದ. ಅವಳು ದೋಣಿಯಲ್ಲಿ ಮಡಚಿಟ್ಟಿದ್ದ ಹೊಸ ಹಾಯಿಯನ್ನು ಎಳೆದು ತಂದು ಅವನ ಮುಂದೆ ಹಾಕಿದಳು. ಸಣ್ಣ ಕತ್ತರಿಯೊಂದನ್ನು ಅವನ ಕೈಗೆ ಕೊಟ್ಟು, "ನಿಮ್ಮದನ್ನ ಮೊದ್ಲು ಬಿಚ್ಚಿ" ಅಂದಳು.

ಅವನು ಅಲ್ಲೇ ಮರಳಿನಲ್ಲಿ ಕಾಲು ಮಡಚಿ ಕೂತ. ಎರಡೆರಡು ಸಲ ಹೊಲಿದದ್ದು, ಒಂದೊಂದೇ ಎಳೆ ಕೀಳಬೇಕು. ಮೀನು ಬುಟ್ಟಿ ಹೊತ್ತ ಹೆಂಗಸರು ಹೋಗ್ತಾ ಬರ್ತಾ ನಿಂತು ನೋಡಿ, ತಮ್ಮತಮ್ಮಲ್ಲೇ ಏನೋ ಆಡಿಕೊಂಡು ಹೋಗುತ್ತಿದ್ದರು. ವೆಂಕಟಸ್ವಾಮಿ ತಲೆ ಎತ್ತದೆ ಬಿಚ್ಚುತ್ತಾ ಹೋದ.